ಜಾಲಹಳ್ಳಿಯ ಹುಡುಗ, ಮುದ್ದೇನಹಳ್ಳಿಯ ಗೇಟು ಮತ್ತು ನಮ್ಮ ಟೆಸ್ಲಾ ಕಾಯಿಲ್

ಬಹಳ ದಿನವಾಯ್ತು ಇಲ್ಲಿ ಏನೂ ಬರೆಯದೆ. ಕಾರಣ ಸೋಮಾರಿತನ ಅಲ್ಲ (ಅದೂ ಇದೆ ಅನ್ನಿ), ಎರಡು ತಿಂಗಳ ಶನಿವಾರ ಭಾನುವಾರಗಳನ್ನೆಲ್ಲ ಅಕ್ಕನ ಮಗ ನುಂಗಿಹಾಕಿದ. ಆ ಕಥೆ ಹೇಳಹೊರಟರೆ ನಡುವೆ ಮೈಸೂರು ಸಂಸ್ಥಾನ, ಅಮೆರಿಕ, ಜಾಲಹಳ್ಳಿ ಎಲ್ಲ ಬರುತ್ತವೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಮ್ಮಕ್ಕನನ್ನು ಕೊಟ್ಟಿರೋದು ಮುದ್ದೇನಹಳ್ಳಿಗೆ. ಚಿಕ್ಕಬಳ್ಳಾಪುರದಿಂದ ಏಳೆಂಟು ಕಿಲೋಮೀಟರು, ನಂದಿಬೆಟ್ಟದ ನೆರಳಿನಲ್ಲಿರೋ ಊರು. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಅಂದರೆ ಬೇರೆ ಪರಿಚಯ ಬೇಕಿಲ್ಲ. ಅವರ ಮನೆ ಈಗ ಮ್ಯೂಸಿಯಂ, ಸಮಾಧಿಯೂ ಅಲ್ಲೇ. ಹೋದ ವರ್ಷ ಆಗಸ್ಟಿನಲ್ಲಿ ಒಂದು ಶನಿವಾರ ಹೋದಾಗ ಅಕ್ಕನ ಮನೆ ಪಡಸಾಲೆಯಲ್ಲಿ ಎರಡು ಕೆಟ್ಟ ಇಂಡಕ್ಷನ್ ಸ್ಟೌಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಪಕ್ಕದಲ್ಲಿ ಎದೆಯೆತ್ತರಕ್ಕೆ ನಿಲ್ಲಿಸಿದ ಪಿವಿಸಿ ಪೈಪು. ಅದರ ತುಂಬ ತಾಮ್ರದ ತಂತಿ, ಒಂದರ ಪಕ್ಕ ಒಂದು, ನೇಯ್ದ ಹಾಗೆ.

"ಮಾಮ, ಟೆಸ್ಲಾ ಕಾಯಿಲ್. ಸುತ್ತೋದೆಲ್ಲ ನಂದು ಆಯ್ತು. ಡ್ರೈವರ್ ಸರ್ಕ್ಯೂಟು ಮಾತ್ರ ನೀನು ಮಾಡಿಕೊಡು. ಸೆಪ್ಟೆಂಬರ್ ಹದಿನೈದಕ್ಕೆ ಕಾಲೇಜಲ್ಲಿ ಇಡಬೇಕು."

ಹದಿನೈದು ಅಂದರೆ ಎಂಜಿನಿಯರ್ಸ್ ಡೇ. ವಿಶ್ವೇಶ್ವರಯ್ಯನವರ ಹುಟ್ಟಿದ ದಿನ. ಆ ಊರಿನ ಹುಡುಗ ಅವತ್ತು ಏನನ್ನೂ ಇಡದಿದ್ದರೆ ಊರಿಗೇ ಅವಮಾನ ಅನ್ನೋ ಹಾಗೆ ಮಾತಾಡಿದ. ಗೋಡೆಗೆ ಆಗಲೇ ಒಂದು ಚಾರ್ಟು ಒರಗಿಸಿದ್ದ. ಅದರಲ್ಲಿ ಮೂರು ಚಿತ್ರ, ನಡುವೆ ಬಾಣದ ಗುರುತು. ಮೊದಲು ಟೆಸ್ಲಾ, ಆಮೇಲೆ ವಿಶ್ವೇಶ್ವರಯ್ಯ, ಆಮೇಲೆ ಶಿವನಸಮುದ್ರ. ಕೆಳಗೆ ದೊಡ್ಡಕ್ಷರದಲ್ಲಿ "ಟೆಸ್ಲಾ ಕಂಡುಹಿಡಿದ ಕರೆಂಟನ್ನು ಕರ್ನಾಟಕಕ್ಕೆ ತಂದವರು ನಮ್ಮೂರಿನ ಸರ್ ಎಂ.ವಿ."

ನನ್ನ ನಾಲಗೆ ಸುಮ್ಮನಿರಬೇಕಲ್ಲ! "ಶಿವನಸಮುದ್ರ ಅವರದಲ್ಲ ಕಣೋ" ಅಂದುಬಿಟ್ಟೆ. ಒಳಗಿನಿಂದ ಭಾವ ಬಂದರು. "ಏನು, ಊರ ಹೆಸರೇ ತೆಗೆದಾಕ್ತೀರೇನು ನೀವು?" ಅಂತ ನಗುತ್ತಲೇ ಕೇಳಿದರು. ನಗು ಪೂರ್ತಿ ನಗುವಾಗಿರಲಿಲ್ಲ. ಆ ಜಗಳವನ್ನು ಆಮೇಲೆ ನೋಡೋಣ ಅಂತ ಮುಂದಕ್ಕೆ ಹಾಕಿ ಸರ್ಕ್ಯೂಟಿಗೆ ಕೂತೆ.

ಟೆಸ್ಲಾ ಕಾಯಿಲ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕೆಳಗೆ ದಪ್ಪ ತಂತಿಯ ಕೆಲವೇ ಸುತ್ತು, ಅದು ಪ್ರೈಮರಿ. ಅದರ ನಡುವೆ ನಿಂತ ಉದ್ದ ಕೊಳವೆಗೆ ಸಣ್ಣ ತಂತಿಯ ನೂರಾರು ಸುತ್ತು, ಅದು ಸೆಕೆಂಡರಿ. ಅದರ ನೆತ್ತಿಯ ಮೇಲೊಂದು ಲೋಹದ ಬಳೆಯೋ ಗುಂಡೋ. ಸೆಕೆಂಡರಿಗೆ ತನ್ನದೇ ಒಂದು ಫ್ರೀಕ್ವೆನ್ಸಿ ಇರುತ್ತದೆ, ದೇವಸ್ಥಾನದ ಗಂಟೆಗೆ ತನ್ನದೇ ನಾದ ಇರುವ ಹಾಗೆ. ಪ್ರೈಮರಿಯಲ್ಲಿ ಸರಿಯಾಗಿ ಅದೇ ಫ್ರೀಕ್ವೆನ್ಸಿಯಲ್ಲಿ ಕರೆಂಟನ್ನು ಹಿಂದೆ ಮುಂದೆ ತಳ್ಳುತ್ತಾ ಹೋದರೆ ಸೆಕೆಂಡರಿಯ ವೋಲ್ಟೇಜು ಏರುತ್ತಾ ಏರುತ್ತಾ ಕೊನೆಗೆ ಗಾಳಿಯನ್ನೇ ಸೀಳಿಕೊಂಡು ಮಿಂಚು ಹೊರಡುತ್ತದೆ. ಉಯ್ಯಾಲೆ ತೂಗಿದವರಿಗೆ ಇದು ಗೊತ್ತು. ಹೊತ್ತು ನೋಡಿ ತಳ್ಳಬೇಕು, ತಪ್ಪಿದರೆ ಎಷ್ಟು ಜೋರಾಗಿ ತಳ್ಳಿದರೂ ಅಷ್ಟೆ.

ಇದರ ಚರಿತ್ರೆಯನ್ನು ಓದುತ್ತಾ ಹೋದಾಗ ನನಗೆ ಹೊಳೆದದ್ದು ಇಷ್ಟು. ಸುರುಳಿ 1891ರಲ್ಲಿ ಹೇಗಿತ್ತೋ ಇವತ್ತೂ ಹೆಚ್ಚುಕಮ್ಮಿ ಹಾಗೇ ಇದೆ. ಬದಲಾಗಿದ್ದೆಲ್ಲ ತಳ್ಳುವ ಕೈ. ಟೆಸ್ಲಾ ಮೊದಲು ಹೆಚ್ಚು ಫ್ರೀಕ್ವೆನ್ಸಿಯ ಜನರೇಟರುಗಳನ್ನೇ ಕಟ್ಟಿ ನೋಡಿದರು. ನೂರಾರು ಧ್ರುವಗಳ ಚಕ್ರ, ಸೆಕೆಂಡಿಗೆ ಹತ್ತು ಸಾವಿರದ ಆಸುಪಾಸು. ಅದಕ್ಕಿಂತ ತುಂಬ ಮೇಲೆ ಹೋಗಲು ಯಂತ್ರದ ಕೈಲಾಗದು. ಆಮೇಲೆ ಹಿಡಿದ ದಾರಿ ಕಿಡಿಯದು. ಕೆಪಾಸಿಟರಿಗೆ ಚಾರ್ಜು ತುಂಬಿಸುವುದು, ಎರಡು ಲೋಹದ ತುದಿಗಳ ನಡುವಿನ ಗಾಳಿ ತಡೆಯಲಾರದೆ ಒಡೆದಾಗ ಅಷ್ಟೂ ಚಾರ್ಜು ಪ್ರೈಮರಿಗೆ ನುಗ್ಗಿ ಓಲಾಡುವುದು. ಕೆಪಾಸಿಟರು, ಸುರುಳಿ ಜೊತೆಯಾದರೆ ಹೀಗೆ ಓಲಾಡುತ್ತವೆ, ಇಷ್ಟೇ ಫ್ರೀಕ್ವೆನ್ಸಿಯಲ್ಲಿ ಓಲಾಡುತ್ತವೆ ಅಂತ ಲಾರ್ಡ್ ಕೆಲ್ವಿನ್ 1853ರಲ್ಲೇ ಲೆಕ್ಕ ಹಾಕಿ ಕೊಟ್ಟಿದ್ದರು. 1891ರ ಮೇ 20ರಂದು ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಟೆಸ್ಲಾ ಉಪನ್ಯಾಸ ಕೊಟ್ಟು ಹೆಚ್ಚು ಫ್ರೀಕ್ವೆನ್ಸಿಯ ಈ ಪ್ರಯೋಗಗಳನ್ನು ತೋರಿಸಿದರು. ಅಲ್ಲಿ ಸ್ವಿಚ್ಚು ಅಂದರೆ ಗಾಳಿ! ಯಾರ ಮಾತೂ ಕೇಳದ ಸ್ವಿಚ್ಚು, ಕಿವಿ ಕಿತ್ತುಹೋಗುವ ಸದ್ದು. ಆದರೆ ಸಾಯುವುದಿಲ್ಲ. ನಾನು ಈ ಎರಡು ತಿಂಗಳಲ್ಲಿ ಸುಟ್ಟಿದ್ದನ್ನು ನೆನೆದರೆ ಗಾಳಿಯ ಬೆಲೆ ಗೊತ್ತಾಗುತ್ತದೆ.

ಕಿಡಿಯ ನಂತರ ವಾಲ್ವು ಬಂತು. 1912-13ರ ಹೊತ್ತಿಗೆ ಆರ್ಮ್‌ಸ್ಟ್ರಾಂಗ್, ಮೈಸ್ನರ್ ಮೊದಲಾದವರು ವಾಲ್ವಿನ ಔಟ್‌ಪುಟ್ಟನ್ನೇ ಸ್ವಲ್ಪ ಇನ್‌ಪುಟ್ಟಿಗೆ ತಿರುಗಿಸಿ, ತಾನೇ ತಾನಾಗಿ ಓಲಾಡುವ ಸರ್ಕ್ಯೂಟು ಮಾಡಿದರು. ಆಮೇಲೆ 1947ರಲ್ಲಿ ಟ್ರಾನ್ಸಿಸ್ಟರು. ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆ ರಿಸೀವಿಂಗ್ ವಾಲ್ವು ತಯಾರಿಸಲು ಶುರು ಮಾಡಿದ್ದು 1961ರಲ್ಲಿ, ಜರ್ಮೇನಿಯಂ ಟ್ರಾನ್ಸಿಸ್ಟರಿನಂಥ ಸಾಮಾನು 1962ರಲ್ಲಿ. ಒಂದೇ ವರ್ಷದ ಅಂತರ. ವಾಲ್ವು ಕಣ್ಣುಬಿಡುವಷ್ಟರಲ್ಲಿ ಅದರ ಶತ್ರುವೂ ಪಕ್ಕದಲ್ಲೇ ಹುಟ್ಟಿತ್ತು.

ಈಗ ನಮ್ಮ ಸುರುಳಿ. 110 ಮಿ.ಮೀ. ಪೈಪು, 45 ಸೆಂ.ಮೀ. ಎತ್ತರಕ್ಕೆ 1600 ಸುತ್ತು. ತಂತಿಯನ್ನು ಬಿಚ್ಚಿ ಎಳೆದರೆ ಅರ್ಧ ಕಿಲೋಮೀಟರಿಗೂ ಮಿಕ್ಕುತ್ತದೆ. ಹುಡುಗನ ತಾಳ್ಮೆಗೆ ನಮಸ್ಕಾರ. ಇಂಡಕ್ಟೆನ್ಸು ಸುಮಾರು 61 ಮಿಲಿಹೆನ್ರಿ, ನೆತ್ತಿಯ ಬಳೆಯೂ ಸೇರಿ ಕೆಪಾಸಿಟೆನ್ಸು ಬರೀ 20 ಪಿಕೋಫ್ಯಾರಡ್. ಕೆಲ್ವಿನ್ ಸೂತ್ರಕ್ಕೆ ಹಾಕಿದರೆ 144 ಕಿಲೋಹರ್ಟ್ಸ್. ಅಂದರೆ ಒಂದು ಓಲಾಟಕ್ಕೆ ಏಳು ಮೈಕ್ರೊಸೆಕೆಂಡು, ಅರ್ಧ ಓಲಾಟಕ್ಕೆ ಮೂರೂವರೆ. ಈ ಮೂರೂವರೆಯನ್ನು ನೆನಪಿಟ್ಟುಕೊಳ್ಳಿ.

ಡ್ರೈವರ್ ಅಂದರೆ, ಮನೆಯ 230 ವೋಲ್ಟನ್ನು ಡಿಸಿ ಮಾಡಿದಾಗ ಸಿಗುವ 325 ವೋಲ್ಟಿಗೆ ಒಂದರ ಮೇಲೊಂದು ಎರಡು ಸ್ವಿಚ್ಚು. ಮೇಲಿನದು ಹಾಕಿದಾಗ ಪ್ರೈಮರಿ ಒಂದು ಕಡೆ, ಕೆಳಗಿನದು ಹಾಕಿದಾಗ ಇನ್ನೊಂದು ಕಡೆ. ಹಾಫ್ ಬ್ರಿಡ್ಜ್ ಅನ್ನುತ್ತಾರೆ. ಎರಡೂ ಒಟ್ಟಿಗೆ ಒಂದು ಕ್ಷಣ ಹಾಕಿದ್ದರೂ 325 ವೋಲ್ಟು ನೇರ ಶಾರ್ಟು. ಸ್ವಿಚ್ಚಿಗೆ ಹುಡುಗ ಎರಡು ಸ್ಟೌಗಳಿಂದಲೂ ಒಂದೊಂದು ಐಜಿಬಿಟಿ ಬಿಚ್ಚಿಟ್ಟಿದ್ದ. ಕಪ್ಪು ಚೌಕ, ಮೂರು ಕಾಲು. ಒಂದು ಕಾಲಿಗೆ ಗೇಟು ಅಂತ ಹೆಸರು. ಅದಕ್ಕೆ ಹದಿನೈದು ವೋಲ್ಟು ಕೊಟ್ಟರೆ ಉಳಿದೆರಡು ಕಾಲಿನ ನಡುವೆ ಹತ್ತಾರು ಆಂಪಿಯರ್ ಹರಿಯುತ್ತದೆ.

ಗೇಟಿಗೆ ಕರೆಂಟೇ ಬೇಡ, ವೋಲ್ಟೇಜು ಸಾಕು ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ನಿಂತಿರುವಾಗ ಬೇಡ, ನಿಜ. ಬದಲಾಗುವಾಗ ಬೇಕು. ಗೇಟು ಒಂದು ಪುಟ್ಟ ಕೆಪಾಸಿಟರಿನ ಹಾಗೆ. 150 ನ್ಯಾನೊಕೂಲಮ್ ಚಾರ್ಜನ್ನು 100 ನ್ಯಾನೊಸೆಕೆಂಡಿನಲ್ಲಿ ತುಂಬಬೇಕಾದರೆ ಒಂದೂವರೆ ಆಂಪಿಯರ್ ನುಗ್ಗಬೇಕು. ಹಾಗಾಗಿ ಒಂದು ಗೇಟ್ ಡ್ರೈವರ್ ಐಸಿ, ಅದರ ಮುಂದೆ ಫೆರೈಟ್ ಉಂಗುರಕ್ಕೆ ನೆಟ್‌ವರ್ಕ್ ಕೇಬಲಿನ ಎಳೆಗಳನ್ನು ಸುತ್ತಿ ಮಾಡಿದ ಸಣ್ಣ ಟ್ರಾನ್ಸ್‌ಫಾರ್ಮರು. ಒಂದೇ ಉಂಗುರದಿಂದ ಎರಡು ಗೇಟಿಗೆ ಒಂದಕ್ಕೊಂದು ಉಲ್ಟಾ ಸಿಗ್ನಲ್ಲು. ಮೊದಲ ಸಲ ಇದಕ್ಕೆ ಕೈಯಿಂದ ತಿರುಗಿಸಿ ಫ್ರೀಕ್ವೆನ್ಸಿ ಸರಿಮಾಡುವ ಆಸಿಲೇಟರು ಹಾಕಿದೆ. ಸರಣಿಯಲ್ಲಿ ನೂರು ವ್ಯಾಟಿನ ಬಲ್ಬು ಇಟ್ಟು ಕರೆಂಟು ಕೊಟ್ಟೆವು. ಟ್ಯೂನ್ ಮಾಡುತ್ತಾ ಹೋದ ಹಾಗೆ ನೆತ್ತಿಯ ಸೂಜಿಯಲ್ಲಿ ಅರ್ಧ ಇಂಚಿನ ನೇರಳೆ ಎಳೆ ಆಡಿತು. ಹುಡುಗ ಕುಣಿದ. ಬಲ್ಬು ತೆಗೆದು ನೇರ ಕೊಟ್ಟೆವು.

ಎರಡೇ ಸೆಕೆಂಡು. ಪಟಾಕಿ ಸದ್ದು, ಮೀಟರ್ ಬೋರ್ಡಿನಲ್ಲಿ ಫ್ಯೂಸು ಹೋಯಿತು, ಅಡಿಗೆಮನೆಯಿಂದ ಅಕ್ಕನ ಮಂಗಳಾರತಿ. ಐಜಿಬಿಟಿಯ ಮುಖ ಸೀಳಿಹೋಗಿತ್ತು.

(ಒಂದು ಮಾತು. ಇದನ್ನು ಓದಿ ಯಾರಾದರೂ ಮಾಡಲು ಹೊರಟರೆ, ಆ 325 ವೋಲ್ಟಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಕೊಲ್ಲುತ್ತವೆ. ಅದಕ್ಕೆ ಖಾಲಿಯಾಗಲು ರೆಸಿಸ್ಟರು ಕಟ್ಟಿ, ಮೀಟರಿನಲ್ಲಿ ಅಳೆದು ನೋಡಿ ಮುಟ್ಟಿ. ಒಬ್ಬರೇ ಇದ್ದಾಗ ಮಾಡಲೇಬೇಡಿ. ತಮಾಷೆಗೆ ಹೇಳುತ್ತಿಲ್ಲ.)

ಅವತ್ತು ಫ್ಯೂಸು ಕಟ್ಟಿಯಾದ ಮೇಲೆ ಕತ್ತಲಲ್ಲಿ ಜಗಲಿ ಮೇಲೆ ಕೂತು ಶಿವನಸಮುದ್ರದ ಮಾತು ತೆಗೆದೆ. ಭಾವನೂ ಬಂದು ಕೂತರು.

ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಮುಟ್ಟಿದ್ದು 1902ರ ಜೂನ್ 30ರಂದು. 92 ಮೈಲಿ, ಅಂದರೆ 147 ಕಿಲೋಮೀಟರಿನಷ್ಟು ತಂತಿ. ಆ ಕಾಲಕ್ಕೆ ಪ್ರಪಂಚದಲ್ಲೇ ತೀರಾ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರ ಆಗಸ್ಟ್ 5ಕ್ಕೆ. ಮೊದಲು ಗಣಿ, ಆಮೇಲೆ ಬೀದಿ. ಯೋಜನೆಗೆ ಬೆನ್ನಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಅವರು 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು, ಕರೆಂಟು ಹರಿದಿದ್ದನ್ನು ನೋಡಲಿಲ್ಲ. ಕೆಲಸ ನಡೆಸಿದವರು ಡಿ ಲಾಟ್ಬಿನಿಯರ್ ಅನ್ನೋ ಎಂಜಿನಿಯರು. ವಿಶ್ವೇಶ್ವರಯ್ಯನವರು ಆಗ ಮುಂಬೈ ಸರ್ಕಾರದ ನೌಕರಿಯಲ್ಲಿದ್ದರು. ಮೈಸೂರಿಗೆ ಚೀಫ್ ಎಂಜಿನಿಯರಾಗಿ ಬಂದಿದ್ದು 1909ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೂ ಶಿವನಸಮುದ್ರದ ಚಕ್ರಗಳು ನಿಲ್ಲದ ಹಾಗೆ ಮೇಲೆ ನೀರು ಹಿಡಿದಿಡುವುದು ಅವರ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ಒಂದಾಗಿತ್ತು. ಅದು ಸಣ್ಣ ಕೆಲಸವಲ್ಲ. ಆದರೆ ಕರೆಂಟು ತಂದವರು ಅವರು ಅಂದರೆ ಶೇಷಾದ್ರಿ ಅಯ್ಯರಿಗೆ ಅನ್ಯಾಯ.

ಟೆಸ್ಲಾ ಎಲ್ಲಿ ಬರುತ್ತಾರೆ ಅಂದರೆ, ಶಿವನಸಮುದ್ರದ್ದು ತ್ರೀ ಫೇಸ್ ಎಸಿ, 25 ಹರ್ಟ್ಸ್. ನಯಾಗರದಲ್ಲಿ 1895ರಲ್ಲಿ ಶುರುವಾದ ಕೇಂದ್ರದ್ದೂ 25 ಹರ್ಟ್ಸೇ. ಒಂದಕ್ಕಿಂತ ಹೆಚ್ಚು ಫೇಸಿನ ಎಸಿಯ ಮೂಲ ಪೇಟೆಂಟುಗಳು ಟೆಸ್ಲಾ ಅವರದು. ಅವು ಇದ್ದಿದ್ದು ವೆಸ್ಟಿಂಗ್‌ಹೌಸ್ ಕಂಪನಿಯ ಕೈಯಲ್ಲಿ. 1896ರಲ್ಲಿ ವೆಸ್ಟಿಂಗ್‌ಹೌಸ್ ಮತ್ತು ಜನರಲ್ ಎಲೆಕ್ಟ್ರಿಕ್ ಒಬ್ಬರ ಪೇಟೆಂಟು ಇನ್ನೊಬ್ಬರು ಬಳಸಬಹುದು ಅಂತ ಒಪ್ಪಂದ ಮಾಡಿಕೊಂಡರು. ಶಿವನಸಮುದ್ರಕ್ಕೆ ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನಿಂದ ಬಂದರೆ, ಜನರೇಟರು ಇತ್ಯಾದಿ ಬಂದಿದ್ದು ಈ ಜನರಲ್ ಎಲೆಕ್ಟ್ರಿಕ್‌ನಿಂದ. ಅವರ ದೊಡ್ಡ ಕಾರ್ಖಾನೆ ಇದ್ದ ಊರು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ.

"ಹಂಗಾದ್ರೆ ಚಾರ್ಟಲ್ಲಿ ನಮ್ಮೂರು ಎಲ್ಲಿ ಬರುತ್ತೆ?" ಅಂದರು ಭಾವ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಕೆನೆಕ್ಟಡಿ ಅನ್ನೋ ಹೆಸರು ಮಾತ್ರ ತಲೆಯಲ್ಲಿ ಕೊರೆಯುತ್ತಾ ಇತ್ತು. ಬೆಂಗಳೂರಿಗೆ ವಾಪಸು ಬಂದು, ಸತ್ತ ಐಜಿಬಿಟಿ ಯಾಕೆ ಸತ್ತಿತು ಅಂತ ಓದುತ್ತಾ ಕೂತಾಗ ಅದೇ ಹೆಸರು ಮತ್ತೆ ಸಿಕ್ಕಿತು. ಐಜಿಬಿಟಿಯನ್ನು ಮಾಡಿದ್ದು ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಸಂಶೋಧನಾ ಕೇಂದ್ರದಲ್ಲಿ. ಮಾಡಿದವರು ಬಂಟ್ವಾಳ ಜಯಂತ ಬಾಳಿಗ!

ಹೆಸರಲ್ಲೇ ಬಂಟ್ವಾಳ ಇದೆ. ಹುಟ್ಟಿದ್ದು 1948ರಲ್ಲಿ ಮದರಾಸಿನಲ್ಲಿ, ಬೆಳೆದಿದ್ದು ಬಿಇಎಲ್ ಇರುವ ಅದೇ ನಮ್ಮ ಜಾಲಹಳ್ಳಿಯಲ್ಲಿ. ತಂದೆ ವಿಠಲ ಮಂಜುನಾಥ ಬಾಳಿಗ ಸ್ವಾತಂತ್ರ್ಯಕ್ಕೆ ಮುಂಚಿನ ಕಾಲದ ಎಲೆಕ್ಟ್ರಿಕಲ್ ಎಂಜಿನಿಯರು. ಮಗ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1969ರಲ್ಲಿ ಮದರಾಸು ಐಐಟಿ ಮುಗಿಸಿ, ಅಮೆರಿಕದ ರೆನ್ಸಲೇರಿನಲ್ಲಿ ಡಾಕ್ಟರೇಟ್ ಮಾಡಿ, 1974ರಲ್ಲಿ ಜನರಲ್ ಎಲೆಕ್ಟ್ರಿಕ್ ಸೇರಿದರು.

ಆಗ ಕಂಪನಿಗೆ ಬೇಕಿದ್ದದ್ದು ಮೋಟಾರಿನ ವೇಗವನ್ನು ಬೇಕಾದ ಹಾಗೆ ಏರಿಸಿ ಇಳಿಸುವ ಸ್ವಿಚ್ಚು. ಇದ್ದ ಮೂರೂ ಸ್ವಿಚ್ಚಿಗೂ ಒಂದೊಂದು ಕೊರತೆ. ಹಳೆಯ ಪವರ್ ಟ್ರಾನ್ಸಿಸ್ಟರು ಹೊರೆ ಹೊರುತ್ತದೆ, ಆದರೆ ಅದನ್ನು ಹಾಕಿಡಲು ಬೇಸಿಗೆ ಸುರಿಯುತ್ತಲೇ ಇರಬೇಕು ಕರೆಂಟು. ಥೈರಿಸ್ಟರನ್ನು ಹಾಕಬಹುದು, ಆರಿಸು ಅಂದರೆ ಗೇಟಿನ ಮಾತು ಕೇಳದು. ಮಾಸ್‌ಫೆಟ್ ಹೇಳಿದ್ದು ಕೇಳುತ್ತದೆ, ವೇಗವೂ ಇದೆ, ಆದರೆ ಹೆಚ್ಚು ವೋಲ್ಟೇಜಿಗೆ ಮಾಡಿದರೆ ಅದರ ಪ್ರತಿರೋಧ ಏರಿ ತಾನೇ ಬೆಂದುಹೋಗುತ್ತದೆ. ಬಾಳಿಗ ಅವರು ಮಾಸ್‌ಫೆಟ್‌ನ ಗೇಟನ್ನೂ ಹಳೆ ಟ್ರಾನ್ಸಿಸ್ಟರಿನ ಮೈಯನ್ನೂ ಒಂದೇ ಸಿಲಿಕಾನಿನಲ್ಲಿ ಬೆಸೆದರು. ಕಂಪನಿಯ ಮುಖ್ಯಸ್ಥ ಜಾಕ್ ವೆಲ್ಚ್ ಕೇಳಿ ಒಪ್ಪಿದರು. 1982ರಲ್ಲಿ ಅದರ ವಿವರವನ್ನು ಸಮ್ಮೇಳನದಲ್ಲಿ ಮಂಡಿಸಿದರು. (ಅವರೊಬ್ಬರದೇ ಅಂದರೂ ತಪ್ಪಾಗುತ್ತದೆ. ಆರ್‌ಸಿಎ ಕಂಪನಿಯವರ ಪೇಟೆಂಟೂ ಅದೇ ಕಾಲದ್ದು, ತೋಷಿಬಾದ ನಕಗಾವಾ ಮುಂದೆ ಗಟ್ಟಿಮುಟ್ಟಾದ ಐಜಿಬಿಟಿ ಮಾಡಿದರು. ಶೇಷಾದ್ರಿ ಅಯ್ಯರ್ ಪರ ವಾದಿಸಿದವನು ಇದನ್ನೂ ಹೇಳಬೇಕಲ್ಲ.)

ನನಗೆ ಬೇಕಾದ ಉತ್ತರವೂ ಇಲ್ಲೇ ಇತ್ತು. ಐಜಿಬಿಟಿ ಹರಿಯುವಾಗ ಸಿಲಿಕಾನಿನ ತುಂಬ ಚಾರ್ಜು ಕಿಕ್ಕಿರಿದು ನಿಂತಿರುತ್ತದೆ, ಅದರಿಂದಲೇ ಅದಕ್ಕೆ ಅಷ್ಟು ಹೊರೆ ಹೊರುವ ಶಕ್ತಿ. ಆರಿಸಿದಾಗ ಆ ಚಾರ್ಜು ಜಾತ್ರೆ ಮುಗಿದ ಮೇಲಿನ ಜನದ ಹಾಗೆ, ತಕ್ಷಣ ಖಾಲಿಯಾಗದು. ಬಾಲದ ಹಾಗೆ ಕರೆಂಟು ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ. ಮೊದಮೊದಲ ಐಜಿಬಿಟಿಗಳಲ್ಲಿ ಇದು ಎಷ್ಟು ನಿಧಾನ ಅಂದರೆ, ಇದು ನಿಧಾನದ ಕೆಲಸಕ್ಕೆ ಮಾತ್ರ ಅಂತ ಬಿಟ್ಟುಬಿಡುವ ಹಾಗಿತ್ತು. ಬಾಳಿಗ ಅವರು ಸಿಲಿಕಾನಿನ ಮೇಲೆ ವೇಗದ ಎಲೆಕ್ಟ್ರಾನುಗಳನ್ನು ಹಾಯಿಸಿ, ಚಾರ್ಜು ಬೇಗ ಅಳಿಸಿಹೋಗುವ ಹಾಗೆ ಮಾಡಿದರು. ಎಷ್ಟು ಹಾಯಿಸಬೇಕು ಅನ್ನುವುದರ ಮೇಲೆ, ಬೇಗ ಆರುವ ಐಜಿಬಿಟಿ ಬೇಕೋ, ಕಮ್ಮಿ ಬಿಸಿಯಾಗಿ ಹರಿಯುವ ಐಜಿಬಿಟಿ ಬೇಕೋ, ಆರಿಸಿಕೊಳ್ಳಬಹುದು. ಎರಡೂ ಪೂರ್ತಿಯಾಗಿ ಸಿಗುವುದಿಲ್ಲ.

ಸ್ಟೌ ಐಜಿಬಿಟಿ ಎರಡನೇ ಜಾತಿಯದು. ಇಂಡಕ್ಷನ್ ಸ್ಟೌ ಓಡುವುದು ಇಪ್ಪತ್ತು ಮೂವತ್ತು ಕಿಲೋಹರ್ಟ್ಸಿನಲ್ಲಿ, ಅಲ್ಲಿ ಬಾಲ ಉದ್ದವಿದ್ದರೂ ನಡೆಯುತ್ತದೆ. ನಾವು ಅದನ್ನು 144ರಲ್ಲಿ ಓಡಿಸಿದೆವು. ಆ ಮೂರೂವರೆ ಮೈಕ್ರೊಸೆಕೆಂಡಿನಲ್ಲಿ ಮೇಲಿನದು ಬಾಲ ಎಳೆದುಕೊಳ್ಳುವ ಮೊದಲೇ ಕೆಳಗಿನದು ಹಾಕಿಕೊಂಡಿತ್ತು. ಒಟ್ಟಿಗೆ ಹಾಕಿದರೆ ಏನಾಗುತ್ತದೆ ಅಂತ ಆಗಲೇ ಹೇಳಿದೆ.

ಎಸ್.ಪಿ. ರೋಡಿನಲ್ಲಿ ಬಾಲ ಗಿಡ್ಡದ, 650 ವೋಲ್ಟಿನ ನಾಲ್ಕು ಐಜಿಬಿಟಿ ಕೊಂಡೆ. ಎರಡಕ್ಕೆ ಕೆಲಸ, ಎರಡು ಬಲಿಗೆ. ಪ್ರತಿ ಗೇಟಿನ ದಾರಿಯಲ್ಲಿ ಹತ್ತು ಓಮ್ ರೆಸಿಸ್ಟರು, ಅದಕ್ಕೆ ಅಡ್ಡಲಾಗಿ ಡಯೋಡು. ಹಾಕುವಾಗ ನಿಧಾನ, ಆರಿಸುವಾಗ ಬೇಗ, ನಡುವೆ ಎರಡೂ ಆರಿರುವ ಒಂದಿಷ್ಟು ಹೊತ್ತು. ಈ ಸಲ ಸಾಯಲಿಲ್ಲ. ಆದರೆ ಮಿಂಚೂ ಎರಡಿಂಚಿಗಿಂತ ಮೇಲೆ ಬರಲಿಲ್ಲ. ಟ್ಯೂನ್ ಮಾಡಿದ ಕ್ಷಣ ಮಿಂಚು ಹೊರಡುತ್ತದೆ, ಹೊರಟ ತಕ್ಷಣ ಕುಗ್ಗುತ್ತದೆ. ಮಿಂಚು ಅಂದರೆ ಗಾಳಿಗೆ ಚಾಚಿದ ತಂತಿಯಿದ್ದ ಹಾಗೆ. ಅದು ಹೊರಟರೆ ಕೆಪಾಸಿಟೆನ್ಸು ಹೆಚ್ಚಾಗಿ ಸುರುಳಿಯ ಫ್ರೀಕ್ವೆನ್ಸಿಯೇ ಕೆಳಗಿಳಿಯುತ್ತದೆ. ಆಸಿಲೇಟರು ಮಾತ್ರ ಹಳೆಯ ತಾಳವನ್ನೇ ಹಾಕುತ್ತಿರುತ್ತದೆ. ನಾನು ಗುಬ್ಬಿ ತಿರುಗಿಸುತ್ತಾ ಅಟ್ಟಿಸಿಕೊಂಡು ಹೋಗುತ್ತಿದ್ದೆ, ಅದು ಜಾರುತ್ತಿತ್ತು.

ಬೇಸರದಲ್ಲಿ ಭಾನುವಾರ ಮಧ್ಯಾಹ್ನ ಹುಡುಗನನ್ನು ಕರೆದುಕೊಂಡು ಮ್ಯೂಸಿಯಂ ಕಡೆ ನಡೆದೆ. ನೂರು ಸಲ ನೋಡಿದ್ದೇ. ಕನ್ನಡಕ, ಪುಸ್ತಕ, ಅಣೆಕಟ್ಟಿನ ಮಾದರಿ. ಹುಡುಗನಿಗೆ ಖಡಕ್‌ವಾಸ್ಲದ ಗೇಟಿನ ಕಥೆ ಹೇಳುತ್ತಾ ಇದ್ದೆ. ಪುಣೆ ಹತ್ತಿರದ ಆ ಜಲಾಶಯಕ್ಕೆ ವಿಶ್ವೇಶ್ವರಯ್ಯನವರು ರೂಪಿಸಿದ ಗೇಟುಗಳನ್ನು 1903ರಲ್ಲಿ ಕೂರಿಸಿದರು. ಪೇಟೆಂಟೂ ಪಡೆದಿದ್ದರು. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕಿತ್ತು. ಗೇಟು ಹಾಕಿದರೆ, ನಡುರಾತ್ರಿ ಪ್ರವಾಹ ಬಂದರೆ ತೆಗೆಯುವವರು ಯಾರು? ಅವರ ಗೇಟಿಗೆ ಯಾರೂ ಬೇಡ. ನೀರು ಗುರುತಿನ ಮೇಲೆ ಏರಿದರೆ ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ, ಕೃಷ್ಣರಾಜಸಾಗರಕ್ಕೂ ಇದೇ ಬಂತು.

"ಮಾಮ, ನಮ್ ಗೇಟಿಗೂ ಹಂಗೇ ಮಾಡಕ್ಕಾಗಲ್ವಾ? ನೀನ್ಯಾಕೆ ತಿರುಗಿಸ್ತಾ ಕೂತಿರ್ಬೇಕು?"

ಆಗುತ್ತದೆ, ಬೇರೆಯವರು ಎಂದೋ ಮಾಡಿಟ್ಟಿದ್ದಾರೆ ಅಂತ ನನಗೂ ಗೊತ್ತಿತ್ತು, ಕಷ್ಟ ಅಂತ ಬಿಟ್ಟಿದ್ದೆ. ಆಸಿಲೇಟರು ಕಿತ್ತು ಎಸೆದೆ. ಸೆಕೆಂಡರಿಯ ಬುಡದಿಂದ ಭೂಮಿಗೆ ಹೋಗುವ ತಂತಿಯನ್ನು ಒಂದು ಪುಟ್ಟ ಫೆರೈಟ್ ಉಂಗುರದ ಒಳಗಿಂದ ಹಾಯಿಸಿದೆ. ಉಂಗುರಕ್ಕೆ ಸುತ್ತಿದ ಐವತ್ತು ಸುತ್ತಿನಲ್ಲಿ ಸುರುಳಿಯ ಓಲಾಟ ಹಾಗೇ ಸಿಗುತ್ತದೆ. ಅದನ್ನು ಎರಡು ಡಯೋಡಿನಲ್ಲಿ ಕತ್ತರಿಸಿ, ಸ್ಮಿಟ್ ಟ್ರಿಗರ್ ಐಸಿಯಲ್ಲಿ ಚೌಕಮಾಡಿ, ನೇರ ಗೇಟ್ ಡ್ರೈವರಿಗೆ. ಈಗ ಯಾವಾಗ ತಳ್ಳಬೇಕು ಅಂತ ಹೇಳುವುದು ಸುರುಳಿಯೇ. ಜೊತೆಗೆ ಒಂದು 555 ಐಸಿ, ಸೆಕೆಂಡಿಗೆ ನೂರು ಸಲ, ಸಲಕ್ಕೆ ನೂರು ಮೈಕ್ರೊಸೆಕೆಂಡು ಮಾತ್ರ ಓಡಿಸಿ ಉಳಿದ ಹೊತ್ತು ವಿಶ್ರಾಂತಿ ಕೊಡಲು. ನಿಂತ ಸುರುಳಿ ತಾನೇ ಹೇಗೆ ಶುರುವಾಗುತ್ತೆ ಅಂತ ಒಂದು ರಾತ್ರಿ ಒದ್ದಾಡಿದೆ. 555ರ ಮೊದಲ ಏಟೇ ಅದಕ್ಕೆ ಮೊದಲ ತಳ್ಳು ಅಂತ ಆಮೇಲೆ ತಿಳಿಯಿತು. ಉಂಗುರವನ್ನು ಉಲ್ಟಾ ಹಾಕಿದ್ದೆ, ತಿರುಗಿಸಿ ಹಾಕಿದ ಮೇಲೆ...

ಒಂದು ಗೇಣು ಮಿಂಚು! ಜೇನುಹುಳದಂಥ ಗುಂಯ್ ಸದ್ದು. ಕೈಗೋಲಿಗೆ ಕಟ್ಟಿದ ಟ್ಯೂಬ್‌ಲೈಟು ಒಂದು ಮಾರು ದೂರದಲ್ಲೇ ತಾನಾಗಿ ಬೆಳಗಿತು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, "ದೀಪ ಆರ್ಸಿ ಇನ್ನೊಂದ್ ಸಲ ತೋರ್ಸಿ" ಅಂದಳು. ಮೂರು ಸಲ ತೋರಿಸಿದೆವು.

ಚಾರ್ಟಿನ ವಿಷಯಕ್ಕೆ ಬರೋಣ. ಹುಡುಗ ಹಳೆಯದರ ಹಿಂಬದಿಗೆ ಹೊಸದು ಬರೆದ. ಟೆಸ್ಲಾ 1891, ಶೇಷಾದ್ರಿ ಅಯ್ಯರ್ ಮತ್ತು ಡಿ ಲಾಟ್ಬಿನಿಯರ್ 1902, ಜಯಂತ ಬಾಳಿಗ 1982. ಬಾಳಿಗರಿಗೆ 2014ರಲ್ಲಿ ಐಇಇಇ ಮೆಡಲ್ ಆಫ್ ಆನರ್, 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ಟೆಕ್ನಾಲಜಿ ಪ್ರಶಸ್ತಿ ಬಂದಿದ್ದನ್ನೂ ಸೇರಿಸಿದ. ಕೆಳಗೆ ಬೇರೆ ಚೌಕದಲ್ಲಿ ವಿಶ್ವೇಶ್ವರಯ್ಯ 1903, ತಾನೇ ತೆರೆಯುವ ಗೇಟು. ಪಕ್ಕದಲ್ಲಿ ನಮ್ಮ ಫೀಡ್‌ಬ್ಯಾಕ್ ಉಂಗುರದ ಚಿತ್ರ. ಇವೆರಡರ ನಡುವೆ ಬಾಣ ಹಾಕಲು ಹೊರಟಿದ್ದ, ಬೇಡ ಅಂದೆ. ಒಂದರಿಂದ ಒಂದು ಬಂದಿದ್ದಲ್ಲ, ಉಪಾಯ ಒಂದೇ ಜಾತಿಯದು ಅಷ್ಟೆ. ಭಾವ ಬಹಳ ಹೊತ್ತು ನೋಡಿ, "ಶಿವನಸಮುದ್ರ ಹೋದ್ರೂ ಗೇಟ್ ಉಳೀತಲ್ಲ ಬಿಡಿ" ಅಂದರು.

ಕಾಲೇಜಿನಲ್ಲಿ ಮೇಷ್ಟ್ರೊಬ್ಬರು, ಶಿವನಸಮುದ್ರದಿಂದ ಸರ್ ಎಂ.ವಿ. ಹೆಸರು ತೆಗೆದಿದ್ದು ಯಾಕೆ, ಅತಿಥಿಗಳು ಏನಂದುಕೊಳ್ಳುತ್ತಾರೆ, ಹಳೆಯ ಬದಿಯನ್ನೇ ತಿರುಗಿಸಿಡು ಅಂದರಂತೆ. ಹುಡುಗ 1909 ಅನ್ನೋ ಇಸವಿಯನ್ನು ತೋರಿಸಿ ನಿಂತುಬಿಟ್ಟನಂತೆ. ಕೊನೆಗೆ ಚಾರ್ಟು ಉಳಿಯಿತು, ಜಾಗ ಮಾತ್ರ ವೇದಿಕೆ ಪಕ್ಕದಿಂದ ಸೈಕಲ್ ಸ್ಟ್ಯಾಂಡಿನ ಹತ್ತಿರಕ್ಕೆ ಹೋಯಿತು. ಮೈಕ್ ಸೆಟ್ಟಿಗೆ ಗುಂಯ್ ಸದ್ದು ಸೇರುತ್ತೆ ಅನ್ನೋದು ಅವರು ಕೊಟ್ಟ ಕಾರಣ. ಅದಂತೂ ನಿಜವೇ, ಸೇರುತ್ತೆ.

ಬಲಿಗೆ ಅಂತ ಇಟ್ಟ ಎರಡು ಐಜಿಬಿಟಿ ಇನ್ನೂ ಹಾಗೇ ಇವೆ. ಈಗ ಹುಡುಗನಿಗೆ ಪ್ರೈಮರಿಗೂ ಕೆಪಾಸಿಟರು ಕಟ್ಟಿ ಎರಡನ್ನೂ ಟ್ಯೂನ್ ಮಾಡಿ ಮೂರಡಿ ಮಿಂಚು ಬಿಡುವ ಆಸೆ. ಅದಕ್ಕೆ ಪಲ್ಸ್ ತಡೆಯುವ ಒಳ್ಳೆ ಫಿಲ್ಮ್ ಕೆಪಾಸಿಟರು ಬೇಕು. ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದೆ, ಸಿಕ್ಕಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅಂಗಡಿ ಗೊತ್ತಿದ್ದರೆ ತಿಳಿಸಿ.